ಎರಡು ಕಳಾವರ್ ಕೂಗಿದಾಗ ಜೊತೆಗಾರ ಬಾಯಿ ಬಿಡತಕ್ಕದ್ದು

ವಿರಾಮವೇಳೆ ಮನರಂಜನಾ ಸಂಘ, ಚಾಮರಾಜನಗರ
(ಇಸ್ಪೀಟು ವಿಭಾಗ, ಬ್ರಿಡ್ಜ್ ಉಪವಿಭಾಗ)

ಸಂಖ್ಯೆ: ವಿಮಸಂ/ಇಸ್ಪೀ/ಬ್ರಿ/ನೋಟ್ರಂ/ಮರ್ಯಾದೆ/2

ಸುತ್ತೋಲೆ

ವಿಷಯ: ಎದುರಾಳಿಗಳು ‘ಒಂದು ನೋ ಟ್ರಂಪ್’ ಎಂದು ಆಟ ತೆರೆದಾಗ ನಮ್ಮವರು ಏನು ಕೂಗಬೇಕು, ಏನು ಕೂಗಬಾರದು ಎಂಬ ಬಗ್ಗೆ.

ಉಲ್ಲೇಖ: 1. ಶ್ರೀ ಪುಟ್ಟಮಲ್ಲಪ್ಪ ಮೇಷ್ಟ್ರ ಬೈಗುಳ (ಮೌಖಿಕ).
2. ಶ್ರೀ ದೊರೆಸ್ವಾಮಿಯವರ ಮೌನ.

ಪ್ರಸ್ತಾವನೆ:

ಕಾರ್ಯದರ್ಶಿಗೆ ವಯಸ್ಸಾಯಿತು, ಆ ದಿನ ನಡೆದದ್ದು ನೆನಪಿಲ್ಲ, ಬಾಯಿಗೆ ಬಂದಂತೆ ಬರೆಸುತ್ತಾರೆ ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಗೊಣಗುತ್ತಿರುವ ಸದಸ್ಯರಿಗೆ ಈ ಮೂಲಕ ಛೀಮಾರಿ ಹಾಕಲಾಗಿದೆ. ಕಾರ್ಯದರ್ಶಿಯವರು ಮರೆಯುವುದು ಕನ್ನಡಕ ಇಟ್ಟ ಜಾಗವನ್ನು ಮಾತ್ರ. ಯಾರ ಕೈಯಲ್ಲಿ ಯಾವ ಎಲೆ ಇತ್ತು, ಯಾರ ಮುಖ ಯಾವ ಬಣ್ಣಕ್ಕೆ ತಿರುಗಿತು ಎಂಬುದು ಅವರಿಗೆ ಚೆನ್ನಾಗಿ ನೆನಪಿದೆ. ಗೊಣಗಿದವರ ಪೈಕಿ ಒಬ್ಬರು ಆ ಹೊತ್ತಿನಲ್ಲಿ ಬೋಂಡ ತರಲು ಹೋಗಿದ್ದರು. ಇನ್ನೊಬ್ಬರು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು. ಇಂಥವರ ಸಾಕ್ಷ್ಯವನ್ನು ಪರಿಗಣಿಸಲಾಗುವುದಿಲ್ಲ.

1. ಬ್ರಿಡ್ಜ್ ಉಪವಿಭಾಗದ ಒಟ್ಟು ಸದಸ್ಯಬಲ ನಾಲ್ಕು. ಆಟಕ್ಕೆ ಬೇಕಾದವರೂ ನಾಲ್ಕೇ. ಒಂದು ಜೋಡಿ: ಬ್ಯಾಂಕಿನಿಂದ ನಿವೃತ್ತರಾದ ಶ್ರೀಮತಿ ನಾಗರತ್ನ, ಬದನಗುಪ್ಪೆಯ ಕಾರ್ಖಾನೆಯೊಂದರ ಸೂಪರ್‌ವೈಸರ್ ಶ್ರೀ ಸೋಮಶೇಖರ್. ಇನ್ನೊಂದು ಜೋಡಿ: ಕುದೇರಿನ ನಿವೃತ್ತ ಮೇಷ್ಟ್ರು ಶ್ರೀ ಪುಟ್ಟಮಲ್ಲಪ್ಪ, ಭೀಮನಬೀಡಿನಲ್ಲಿ ಚೆಂಡು ಹೂವು ಬೆಳೆಯುವ ಶ್ರೀ ದೊರೆಸ್ವಾಮಿ. ದೊರೆಸ್ವಾಮಿಯವರು ಚಿಕ್ಕಂದಿನಲ್ಲಿ ಇದೇ ಮೇಷ್ಟ್ರ ಬಳಿ ಅಕ್ಷರ ಕಲಿತವರು. ಈಗ ತಲೆ ನರೆತಿದ್ದರೂ ಮೇಷ್ಟ್ರ ಎದುರು ಕಾಲ ಮೇಲೆ ಕಾಲು ಹಾಕಿ ಕೂತವರಲ್ಲ.

2. ನಾಲ್ವರಲ್ಲಿ ಒಬ್ಬರು ತಪ್ಪಿದರೂ ಮೇಜು ನಡೆಯುವುದಿಲ್ಲ. ಈ ತಿಂಗಳ ಕೊನೆಯ ಭಾನುವಾರದೊಳಗೆ ಮೇಜು ನಡೆಯದಿದ್ದರೆ, ಒಳ್ಳೆಯ ಫ್ಯಾನ್ ಇರುವ ಬ್ರಿಡ್ಜ್ ಕೋಣೆಯು ರಮ್ಮಿ ವಿಭಾಗಕ್ಕೆ ಹೋಗುತ್ತದೆ. ರಮ್ಮಿಯವರು ಈಗಾಗಲೇ ಟೇಪು ತಂದು ಗೋಡೆ ಅಳೆದಿರುವುದು ನಾಚಿಕೆಗೇಡಿನ ಸಂಗತಿಯೆಂದು ದಾಖಲಿಸಲಾಗಿದೆ. ಅವರಲ್ಲೊಬ್ಬರನ್ನು ನಾಲ್ಕನೆಯವರನ್ನಾಗಿ ಕೂರಿಸಿ ನೋಡಲಾಯಿತು. ಎಲೆ ಹಂಚಿದ ಕೂಡಲೇ ‘ಜೋಕರ್ ಎಲ್ಲದ?’ ಎಂದು ಕೇಳಿದ್ದರಿಂದ ಎಬ್ಬಿಸಿ ಕಳುಹಿಸಲಾಯಿತು.

3. ಘಟನೆಯ ವಿವರ: ಜಗಳ ನಡೆದ ಭಾನುವಾರ ಶ್ರೀಮತಿ ನಾಗರತ್ನ ಅವರು ‘ಒಂದು ನೋ ಟ್ರಂಪ್’ ಕೂಗಿದರು. ಅಂದರೆ, ನನ್ನ ಕೈ ಎಲ್ಲ ಕಡೆಯಿಂದಲೂ ಗಟ್ಟಿ, ಯಾವ ಬಣ್ಣದ ತುರುಫೂ ನನಗೆ ಬೇಡ ಎಂಬ ಜಂಬ. ಇದಕ್ಕೆ ಅಡ್ಡ ಬರಲು ಮೇಷ್ಟ್ರು ‘ಎರಡು ಕಳಾವರ್’ ಕೂಗಿದರು. ಮೇಷ್ಟ್ರ ಕೈಯಲ್ಲಿದ್ದ ಕಳಾವರ್ ಎಲೆ ಒಂದೇ ಒಂದು. ಅದು ಗುಟ್ಟಿನ ಕೂಗು: ‘ನನ್ನ ಹತ್ತಿರ ಇಸ್ಪೇಟೂ ಆಟೀನೂ ಉದ್ದವಾಗಿವೆ, ಎರಡರಲ್ಲಿ ನಿನಗೆ ಹೊಂದುವುದನ್ನು ನೀನು ಕೂಗು’ ಎಂದು ಅರ್ಥ. ಇದನ್ನು ಮೇಷ್ಟ್ರು ದೊರೆಸ್ವಾಮಿಯವರಿಗೆ ಮೊದಲೇ ಹೇಳಿಕೊಟ್ಟಿದ್ದರು. ದೊರೆಸ್ವಾಮಿಯವರ ಕೈಯಲ್ಲಿ ರಾಣಿಯ ಸಮೇತ ನಾಲ್ಕು ಇಸ್ಪೇಟು ಇದ್ದವು. ಅವರು ಎಲೆಗಳನ್ನು ಎದೆಗೆ ಒತ್ತಿಕೊಂಡು ವಿನಯದಿಂದ ‘ಪಾಸ್’ ಎಂದರು.

4. ಮಿಕ್ಕವರೂ ಪಾಸ್ ಎಂದರು. ತತ್ಪರಿಣಾಮವಾಗಿ ಆ ಕೂಗೇ ಕಾಯಂ ಆಗಿ, ಒಂಟಿ ಕಳಾವರ್ ಹಿಡಿದ ಮೇಷ್ಟ್ರು ಕಳಾವರನ್ನೇ ತುರುಫು ಮಾಡಿಕೊಂಡು ಆಡಬೇಕಾಯಿತು. ಹದಿಮೂರು ಸುತ್ತಿನಲ್ಲಿ ಎಂಟು ಗೆಲ್ಲಬೇಕಾದಲ್ಲಿ ಮೂರು ಗೆದ್ದರು. ಶ್ರೀಮತಿ ನಾಗರತ್ನ ಅವರು, ‘ನಾನೇನ್ ಮಾಡ್ಲಿ ಮೇಷ್ಟ್ರೇ, ನೀವಿಬ್ರೂ ಅದೇನೋ ಮರ್ಯಾದ ಮಾಡ್ಕತಿದ್ರಿ, ನಾನ್ಯಾಕ ಅಡ್ಡ ಬರ್ಲಿ ಅಂತ ಪಾಸ್ ಅಂದಿ’ ಎಂದು ಹೇಳಿಕೆ ನೀಡಿರುತ್ತಾರೆ. ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದನ್ನು ಗಮನಿಸಲಾಗಿದೆ.

5. ಮೇಷ್ಟ್ರು: ‘ಲೋ ದೊರೆ, ಇಸ್ಪೇಟು ರಾಣೀನ ಕೈಲಿ ಮಡಿಕಂಡು ಸುಮ್ನ ಕೂತಿದ್ಯಲ್ಲಾ, ಪೂಜ ಮಾಡಕ ಮಡಿಕಂಡಿದ್ದಾ?’

ದೊರೆಸ್ವಾಮಿ: ‘ನೀವ್ ಕೂಗ್ಬುಟ್ಟ ಮ್ಯಾಲ ಅದ್ರ ಮ್ಯಾಲ ನಾ ಕೂಗಾದಾ? ಆಗಕಿಲ್ಲ ಕಣ್ ಸಾ.’

ಮೇಷ್ಟ್ರು: ‘ನಿಂಗ ಕಲ್ಸಿದ್ದೇ ದಂಡ ಕಣ್ಲಾ.’

ಈ ಕೊನೆಯ ಮಾತು ನಡಾವಳಿಯಿಂದ ತೆಗೆದುಹಾಕಲು ಯೋಗ್ಯವಾಗಿದ್ದರೂ ಎಲ್ಲರ ಕಿವಿಗೂ ಬಿದ್ದಿರುವುದರಿಂದ ಉಳಿಸಿಕೊಳ್ಳಲಾಗಿದೆ. ದೊರೆಸ್ವಾಮಿಯವರು ಎಲೆಗಳನ್ನು ಮೇಜಿನ ಮೇಲೆ ಬೋರಲು ಇಟ್ಟು, ಬ್ಯಾಗು ತೆಗೆದುಕೊಂಡು, ತೆರಕಣಾಂಬಿ ಮಾರ್ಗದ ಗುಂಡ್ಲುಪೇಟೆ ಬಸ್ಸು ಹತ್ತಿ ಹೋದರು. ಅಂದಿನಿಂದ ಬಂದಿಲ್ಲ.

6. ಪಾಸ್ ಎಂದದ್ದಕ್ಕೆ ಕಾರಣವನ್ನು ವಿಚಾರಿಸಲಾಗಿದೆ. ಮೇಷ್ಟ್ರ ಮೇಲಿನ ಭಯಭಕ್ತಿ ಒಂದು. ಎರಡನೆಯದು, ದೊರೆಸ್ವಾಮಿಯವರು ಇಸ್ಪೀಟು ಕಲಿತದ್ದು ಗುಂಡ್ಲುಪೇಟೆ ಕಡೆ ಶುಂಠಿ ಹಾಕಲು ಬಂದ ಮಲಯಾಳಿಗಳ ಶೆಡ್ಡಿನಲ್ಲಿ, ಅವರ ಕಡೆಯ ‘ಇಪ್ಪತ್ತೆಂಟು’ ಎಂಬ ಎಲೆಯಾಟದಲ್ಲಿ. ಆ ಶೆಡ್ಡಿನಲ್ಲಿ ಜೊತೆಗಾರ ಕೂಗಿದ ಮೇಲೆ ಅವನ ಮೇಲೆಯೇ ಕೂಗುವುದೆಂದರೆ ಅವನ ತಟ್ಟೆಯಿಂದ ಮೀನು ಎತ್ತಿಕೊಂಡಷ್ಟು ಅವಮರ್ಯಾದೆ. ಮೇಷ್ಟ್ರು ಕೂಗಿನ ಅರ್ಥ ಹೇಳಿಕೊಟ್ಟರೇ ಹೊರತು, ‘ನನ್ನ ಮೇಲೆ ಕೂಗಲು ನಿನಗೆ ಅಪ್ಪಣೆ ಇದೆ’ ಎಂದು ಹೇಳಲಿಲ್ಲ. ಮೇಷ್ಟ್ರಾದವರು ಹಾಗೆ ಹೇಳುವ ವಾಡಿಕೆಯೂ ಇಲ್ಲ.

7. ಅಲ್ಲಿಂದೀಚೆಗೆ ಪ್ರತಿ ಭಾನುವಾರ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದು, ಎದುರಿನ ಖಾಲಿ ಕುರ್ಚಿಯ ಮೇಲೆ ತಮ್ಮ ಕೊಡೆ ಇಟ್ಟು, ಯಾರನ್ನೂ ಕೂರಲು ಬಿಡದೆ ಪೇಪರ್ ಓದುತ್ತಾರೆ. ಪುಟ ತಿರುಗಿಸುವುದಿಲ್ಲ. ಫೋನನ್ನು ಜೇಬಿನಿಂದ ತೆಗೆಯುತ್ತಾರೆ, ‘ದೊರೆ’ ಎಂಬ ಹೆಸರನ್ನು ದೂರ ಹಿಡಿದು ನೋಡುತ್ತಾರೆ, ಮತ್ತೆ ಜೇಬಿಗೆ ಹಾಕುತ್ತಾರೆ. ಮೇಷ್ಟ್ರಾಗಿ ತಾವೇ ಮೊದಲು ಫೋನ್ ಮಾಡಿದರೆ ಗೌರವ ಎಲ್ಲಿ ಉಳಿಯುತ್ತದೆ ಎಂಬುದು ಅವರ ಚಿಂತೆ. ಗೌರವ ಕುರ್ಚಿಯ ಮೇಲೆ ಕೊಡೆಯ ರೂಪದಲ್ಲಿ ಕೂತಿದೆ ಎಂಬುದನ್ನು ಅವರ ಅವಗಾಹನೆಗೆ ತರಲಾಗಿದೆ.

8. ಮುಂದಕ್ಕೆ ನೋ ಟ್ರಂಪ್‌ಗೆ ಎದುರಾಗಿ ಯಾವ ಪದ್ಧತಿ ಇಟ್ಟುಕೊಳ್ಳಬೇಕೆಂದು ಸಲಹೆ ಆಹ್ವಾನಿಸಲಾಗಿತ್ತು. ಬಂದ ಸಲಹೆಗಳ ಗುಣಮಟ್ಟ ಹೀಗಿದೆ:

(ಅ) ಕೈಯಲ್ಲಿ ಇರುವುದನ್ನೇ ಕೂಗುವುದು. ಇದು ಸತ್ಯವಂತರ ಪದ್ಧತಿ. ಸಂಘದಲ್ಲಿ ಜಾರಿಗೆ ತರಲು ಜನ ಸಿಗಲಿಲ್ಲ.

(ಆ) ಏನೇ ಬರಲಿ ‘ಡಬಲ್’ ಎನ್ನುವುದು. ಸಲಹೆ ಕೊಟ್ಟವರಿಗೆ ಆಟವೇ ಬರುವುದಿಲ್ಲ.

(ಇ) ಶ್ರೀ ಸೋಮಶೇಖರ್ ಅವರು ಯೂಟ್ಯೂಬ್‌ನಲ್ಲಿ ಕಂಡ ಪದ್ಧತಿ. ಇದರಲ್ಲಿ ಕಳಾವರ್ ಎಂದರೆ ಡೈಮನ್, ಡೈಮನ್ ಎಂದರೆ ಆಟೀನು, ಆಟೀನು ಎಂದರೆ ಇಸ್ಪೇಟು, ಇಸ್ಪೇಟು ಎಂದರೆ ‘ಆಮೇಲೆ ಹೇಳ್ತೀನಿ’. ಎರಡು ಸಲ ವಿವರಿಸಿದ ಬಳಿಕ ಅವರೇ ನೀರು ಕೇಳಿದರು. ಅವರು ಎದುರಾಳಿಯಾಗಿದ್ದುಕೊಂಡು ಮೇಷ್ಟ್ರ ಜೋಡಿಗೆ ಇದನ್ನು ಸೂಚಿಸಿದ್ದರ ಹಿಂದಿನ ಉದ್ದೇಶ ಅರ್ಥವಾಗದಷ್ಟು ದಡ್ಡತನ ಕಾರ್ಯದರ್ಶಿಯವರಿಗಿಲ್ಲ.

(ಈ) ನೋ ಟ್ರಂಪ್ ಕೂಗಿದ ಕೂಡಲೇ ಟೀ ಬ್ರೇಕ್ ಘೋಷಿಸುವುದು. ಪರಿಶೀಲನೆಯಲ್ಲಿದೆ.

9. ಆದುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ: ಇನ್ನು ಮುಂದೆ ಮೇಷ್ಟ್ರು ‘ಎರಡು ಕಳಾವರ್’ ಎಂದರೆ, ಅದನ್ನು ದೊರೆಸ್ವಾಮಿಯವರು ಬರಿಯ ಕೂಗೆಂದು ಭಾವಿಸದೆ, ‘ಲೋ ದೊರೆ, ನನ್ನ ಮೇಲೆ ಕೂಗು’ ಎಂಬ ಗುರುವಿನ ಅಪ್ಪಣೆಯೆಂದು ಭಾವಿಸತಕ್ಕದ್ದು. ಪಾಸ್ ಎಂದರೆ ಅದು ಅವಿಧೇಯತೆ. ಕೂಗುವ ಮುನ್ನ ಎದ್ದು ನಿಲ್ಲಲು, ಕೈ ಮುಗಿಯಲು ಅವಕಾಶವಿದೆ. ಕಾಲಿಗೆ ಬೀಳತಕ್ಕದ್ದಲ್ಲ, ಎಲೆಗಳು ಎದುರಾಳಿಗೆ ಕಾಣುತ್ತವೆ.

10. ಸದರಿ ಸುತ್ತೋಲೆಯ ಮೊದಲ ಪ್ರತಿಯನ್ನು ಅಂಚೆಯಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಕಳುಹಿಸತಕ್ಕದ್ದಲ್ಲ. ಶ್ರೀ ಪುಟ್ಟಮಲ್ಲಪ್ಪನವರು ಖುದ್ದಾಗಿ ಭೀಮನಬೀಡಿಗೆ ಹೋಗಿ ಜಾರಿ ಮಾಡತಕ್ಕದ್ದು. ಇದು ಸಂಘದ ಕರ್ತವ್ಯವಾದ್ದರಿಂದ ಅವರ ಗೌರವಕ್ಕೆ ಯಾವ ಕುಂದೂ ಬರುವುದಿಲ್ಲ. ಕೊಡೆಯನ್ನು ಜೊತೆಯಲ್ಲಿ ಕೊಂಡೊಯ್ಯತಕ್ಕದ್ದು.

ಷರಾ (ಜಾರಿಯಾದ ನಂತರ ಸೇರಿಸಲಾಗಿದೆ): ಮೇಷ್ಟ್ರು ಹೂವಿನ ಹೊಲದ ಬದುವಿನ ಮೇಲೆ ನಿಂತು ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. ಐದನೆಯ ಅಂಶದ ಕೊನೆಯ ಮಾತು ಬಂದಾಗ ಕೆಮ್ಮು ಬಂದಿದ್ದರಿಂದ ಅದನ್ನು ಓದಲಾಗಲಿಲ್ಲ. ದೊರೆಸ್ವಾಮಿಯವರು ಸಾಲಿನ ನಡುವೆ ಬುಟ್ಟಿ ಹಿಡಿದು ನಿಂತೇ ಕೇಳಿ, ‘ಕಾಗ್ದ ಕಾರ್ಯದರ್ಶಿದು ಕಣ್ ಸಾ. ಅಪ್ಪಣ ನಿಮ್ ಬಾಯ್ಲಿ ಬರ್ಬೇಕು’ ಎಂದು ಆಕ್ಷೇಪಣೆ ಸಲ್ಲಿಸಿದರು.

ಮೇಷ್ಟ್ರು ಕಾಗದ ಮಡಿಸಿ ಜೇಬಿಗಿಟ್ಟರು. ಹೊಲವನ್ನು ನೋಡಿದರು. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಬಳಿಕ ‘ಎರಡು ಕಳಾವರ್’ ಎಂದರು.

ದೊರೆಸ್ವಾಮಿಯವರು ಬುಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಮುಗಿದು, ‘ಎರಡು ಇಸ್ಪೇಟು, ಸಾ’ ಎಂದರು.

ಪಕ್ಕದ ಸಾಲಿನಲ್ಲಿ ಹೂ ಕೀಳುತ್ತಿದ್ದ ಅವರ ತಾಯಿ ಶ್ರೀಮತಿ ಮೂಗಮ್ಮ ಅವರು, ‘ಇದೇನಪ್ಪ ಇದು, ಒಲದಾಗ ನಿಂತ್ಕಂಡು ಅರಾಜು ಕೂಗ್ತಾವರಲ್ಲ, ಮಜ್ಜಿಗ ಕುಡ್ಕಂಡಾದ್ರೂ ಕೂಗಿ’ ಎಂದಿರುತ್ತಾರೆ.

ಎದುರಾಳಿಗಳು ನೋ ಟ್ರಂಪ್ ಕೂಗದೆ, ಎಲೆ ಹಂಚದೆ, ಮೇಜೇ ಇಲ್ಲದೆ ನಡೆದ ಈ ಕೂಗು ಸಂಪೂರ್ಣ ನಿಯಮಬಾಹಿರ. ಇದೊಂದು ಸಲಕ್ಕೆ ಮನ್ನಿಸಲಾಗಿದೆ. ಭಾನುವಾರ ಮೇಜು ನಡೆಯತಕ್ಕದ್ದು.

ಸಹಿ/-
(ಶಿವರಾಮು)
ಗೌರವ ಕಾರ್ಯದರ್ಶಿ

ಪ್ರತಿಗಳು:
1. ಶ್ರೀಮತಿ ನಾಗರತ್ನ ಅವರಿಗೆ, ಇನ್ನು ನಗಬಾರದೆಂಬ ಸೂಚನೆಯೊಂದಿಗೆ.
2. ಶ್ರೀ ಸೋಮಶೇಖರ್ ಅವರಿಗೆ, ಯೂಟ್ಯೂಬ್ ಮುಚ್ಚಿದ ಬಗ್ಗೆ ವರದಿ ಕೋರಿ.
3. ರಮ್ಮಿ ವಿಭಾಗಕ್ಕೆ, ಟೇಪು ಸುತ್ತಿಟ್ಟುಕೊಳ್ಳಲು.
4. ಶುಂಠಿ ಶೆಡ್ಡಿನ ಮಲಯಾಳಿಗಳಿಗೆ, ಮಾಹಿತಿಗಾಗಿ ಹಾಗೂ ನಾಚಿಕೊಳ್ಳುವುದಕ್ಕಾಗಿ.
5. ಶ್ರೀಮತಿ ಮೂಗಮ್ಮ ಅವರಿಗೆ, ಮಜ್ಜಿಗೆಯ ಬಾಬ್ತು ವಂದನೆಗಳೊಂದಿಗೆ.
6. ಈ ಸುತ್ತೋಲೆ ಕೈಗೆ ಸಿಕ್ಕ ಯಾರಿಗೇ ಆಗಲಿ: ಓದಿದವರು ಇನ್ನೊಬ್ಬರಿಗೆ ಹೇಳತಕ್ಕದ್ದು, ಕೇಳಿದವರು ಮುಂದಿನವರಿಗೆ ಹೇಳತಕ್ಕದ್ದು. ಹೇಳುವಾಗ ಮೇಷ್ಟ್ರಿಗೆ ಬಂದ ಕೆಮ್ಮನ್ನು ಬಿಡತಕ್ಕದ್ದಲ್ಲ.