ಮಧುವಿನ ಹೆಸರಿನ ಓಟ

"ಹೆಸರು ಬದಲಾಯಿಸಾಕ ಬರೂದಿಲ್ರಿ. ಕಂಪ್ಯೂಟರ್‌ದಾಗ ಹೊಕ್ಕಬಿಟ್ಟೈತಿ," ಎಂದ ವೀರೇಂದ್ರ.

ಹಾವೇರಿಯಲ್ಲಿ ಆ ಭಾನುವಾರ ಹತ್ತು ಕಿಲೋಮೀಟರ್ ಓಟ ಏರ್ಪಡಿಸಿದ್ದವರಲ್ಲಿ ಅವನೂ ಒಬ್ಬ. ಊರಿನ ಅರಿವೆ ಅಂಗಡಿಯವ. ಅವನ ಮೇಜಿನ ಮುಂದೆ ನಿಂತಿದ್ದ ಚನ್ನೇಶನಿಗೆ ನಲವತ್ತಾರು ವರ್ಷ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗಾದಿಯ ಮೇಲೆ ಕೂತು ಬೆಳೆಸಿದ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮೊದಲೇ ಮೇಜು ಮುಟ್ಟಿತ್ತು.

"ಈ ಮಧು ನನ್ನ ತಮ್ಮರಿ. ಹೋದ ವರ್ಷ ಅಂವ ಹೆಸರು ಹಚ್ಚಿದ್ದ. ಮಳಿ ಹತ್ತಿ ಓಟ ಮುಂದ ಹೋತು. ಅಷ್ಟರಾಗ ಅಂವ..." ಚನ್ನೇಶ ಮೇಜಿನ ಮೇಲಿದ್ದ ಚೀಟಿಯನ್ನು ಅವನತ್ತ ತಿರುಗಿಸಿದ.

"ಬ್ಯಾರೆ ಊರಿಗೆ ಹೋದ್ರೇನು? ಇರಲಿ ಬಿಡ್ರಿ, ಅವರ ಬದ್ಲಿ ನೀವ ಓಡ್ರಿ. ಯಾರ್ ಕೇಳ್ತಾರ!" ಎಂದು ವೀರೇಂದ್ರ 'ಮಧು' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ನಂಬರಿನ ಚೀಟಿಯನ್ನು ತಾನೇ ಅವನ ಎದೆಗೆ ಪಿನ್ನು ಚುಚ್ಚಿ ಹಚ್ಚಿದ. ಓಟಕ್ಕೆಂದು ಕೊಟ್ಟು ತೊಡಿಸಿದ್ದ ಬನಿಯನ್ ಕೂಡ ತಮ್ಮನ ಅಳತೆಯದೇ. ತುಂಬಿದ ಚೀಲದ ಬಾಯಿ ಹೊಲಿದ ಹಾಗೆ ಬಿಗಿಯಿತು.

ಮಧು ಡೆಂಗಿ ಜ್ವರ ಬಂದು ಒಂಬತ್ತೇ ದಿನಕ್ಕೆ ಹೋಗಿದ್ದ. ಬದುಕಿದ್ದಾಗ ದಿನಾ ಬೆಳಿಗ್ಗೆ ಓಡುವವ ಅವನು, ಹಾಸಿಗೆಯಲ್ಲೇ ಹೊರಳಿ "ನಾಯಿ ಬೆನ್ನಹತ್ತ್ಯಾವೇನೋ?" ಎಂದು ನಗುವವ ಚನ್ನೇಶ. "ಅಣ್ಣಾ, ಹತ್ತು ಕಿಲೋಮೀಟರ್ ಯಾರೂ ಓಡೂದಿಲ್ಲ. ಮುಂದಿನ ಕರೆಂಟ್ ಕಂಬದ ಮಟ ಅಷ್ಟ ಓಡ್ತಾರ. ಆಗೂದಿಲ್ಲ ಅನ್ನಬಾರದು, ಇಷ್ಟರ ಆಗ್ತೈತಿ ಅನ್ನಬೇಕು," ಎನ್ನುತ್ತಿದ್ದ ಮಧು. ತಮ್ಮ ಹೋದ ಮೇಲೆ ಆ ಮಾತನ್ನು ನಂಬಿ ಚನ್ನೇಶ ಮೂರು ತಿಂಗಳು ಓಡಿದ್ದ. ಮೊದಲ ದಿನ ಒಂದು ಕಂಬ, ಎರಡನೆಯ ದಿನ ಒಂದೂವರೆ. ಇವತ್ತು ಪದಕ ತಂದು ತಮ್ಮನ ಫೋಟೋಕ್ಕೆ ಹಾಕಿ, ಆಮೇಲೆ ಅವ್ವನಿಗೆ ಹೇಳುವುದು ಅಂತ ಅವನ ಲೆಕ್ಕಾಚಾರ. ಅವ್ವ ಗದಿಗೆವ್ವನಿಗೆ ಮಾತ್ರ ರಾಣೇಬೆನ್ನೂರಿಗೆ ಮದುವೆಗೆ ಹೊಂಟೇನಿ ಎಂದು ಹೇಳಿ ಬಂದಿದ್ದ.

ಓಟ ಶುರುವಾಗಿ ಎರಡನೆಯ ಕಿಲೋಮೀಟರಿಗೇ ಅಗಡಿ ರಸ್ತೆಯಲ್ಲಿ ಉಳಿದವನು ಅವನೊಬ್ಬನೇ. ಹಿಂದೆ ಮಾತ್ರ ಆಂಬುಲೆನ್ಸು. ಎಲ್ಲರಿಗಿಂತ ಹಿಂದೆ ಬಿದ್ದವನ ಬೆನ್ನಿಗೇ ಇರಬೇಕೆಂದು ಅದಕ್ಕೆ ಹೇಳಿದ್ದರು. ಕೆಂಪು ದೀಪ ತಿರುಗಿಸುತ್ತ, ಮದುವಣಿಗನ ಹಿಂದೆ ಬರುವ ಕಾರಿನಂತೆ ತೆವಳುತ್ತಿತ್ತು. ಡ್ರೈವರ್ ಗೂಡುಸಾಬನ ಕೈಗೆ ಮೈಕು ಬೇರೆ ಸಿಕ್ಕಿತ್ತು.

"ಬರ್ರಿ ಮಧು ಅಣ್ಣಾರ! ನಾ ಇದ್ದೇನಿ, ಹೆದರಬ್ಯಾಡ್ರಿ! ಒಳಗ ಆಕ್ಸಿಜನ್ ಭರ್ತಿ ಐತಿ!"

ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಆಂಬುಲೆನ್ಸನ್ನೂ ಅದರ ಮುಂದೆ ಅಳುಮುಖ ಮಾಡಿಕೊಂಡು ಓಡುವವನನ್ನೂ ನೋಡಿ, ಕೈಯಲ್ಲಿದ್ದ ಕುಡುಗೋಲು ಬಿಸಾಕಿ ರಸ್ತೆಗೆ ಬಂದಳು. "ಯಾರ್ ತೀರಿಕೊಂಡಾರೋ ಯಪ್ಪಾ?"

"ಯಾರೂ ಇಲ್ಲಬೇ ಯವ್ವಾ! ಮಧು ಓಡಾಕತ್ತಾನ!" ಎಂದ ಗೂಡುಸಾಬ ಮೈಕಿನಲ್ಲೇ.

"ಅಯ್ಯ, ಹಂಗಾದ್ರ ಲಗೂ ಗಾಡ್ಯಾಗ ಹಾಕ್ಕೋರಿ! ಮುಖ ನೋಡಿದ್ರ ಈಗ ಹೋಗಾಂವಂಗ ಕಾಣ್ತಾನ!"

ಚನ್ನೇಶನಿಗೆ ನಗು ಬಂತು. ನಕ್ಕಿದ್ದಕ್ಕೆ ಪಕ್ಕೆ ಹಿಡಿಯಿತು. ಇಷ್ಟರ ಆಗ್ತೈತಿ, ಎಂದುಕೊಂಡು ಮುಂದಿನ ಕಂಬದತ್ತ ಕಾಲು ಎಳೆದ.

ಊರಿಗೆ ವಾಪಸು ತಿರುಗುವ ಜಾಗ ಮುಟ್ಟುವಷ್ಟರಲ್ಲಿ ಗೂಡುಸಾಬನಿಗೆ ಫೋನು ಬಂತು. ಮುಂದೆ ಓಡುತ್ತಿದ್ದವನೊಬ್ಬ ತಲೆ ತಿರುಗಿ ಬಿದ್ದಿದ್ದ. "ಮಧು ಅಣ್ಣಾರ, ಮಾಫ್ ಮಾಡ್ರಿ!" ಎಂದು ಕೂಗಿ ಸೈರನ್ ಹಾಕಿಕೊಂಡು ಹೋಗೇಬಿಟ್ಟ.

ಈಗ ರಸ್ತೆ ಖಾಲಿ. ಆದರೆ ಊರು ಹತ್ತಿರವಾದಂತೆ ಚಹಾದಂಗಡಿಯವರು, ಬಸ್ಸು ಕಾಯುವವರು, ಹಾಲಿನ ಕ್ಯಾನಿನವರು, ಎಲ್ಲರೂ ಎದೆಯ ಮೇಲಿನ ಚೀಟಿ ಓದಿ ಕೂಗತೊಡಗಿದರು. "ಭಲೇ ಮಧು!" "ಬಿಡಬ್ಯಾಡೋ ಮಧು!" "ಮಧೂ, ಇನ್ನ ಸ್ವಲ್ಪ ಐತೋ!"

ಮನೆಯಲ್ಲಿ ಆ ಹೆಸರು ಬಾಯಿಬಿಟ್ಟು ಹೇಳಿ ವರ್ಷವಾಗಿತ್ತು. ಅವ್ವ ಸುದ್ದಿ ತೆಗೆಯುತ್ತಿರಲಿಲ್ಲ, ಇವನೂ ತೆಗೆಯುತ್ತಿರಲಿಲ್ಲ. ಚನ್ನೇಶ ಅಳುತ್ತ ಓಡಿದ. ನೋಡಿದವರು ಎಷ್ಟು ಬೆವರಿದ್ದಾನೆ ಪಾಪ ಎಂದು ನೀರು ಎರಚಿದರು.

ಅವನು ಓಟ ಮುಗಿಯುವ ಜಾಗ ಮುಟ್ಟಿದಾಗ ಅಲ್ಲಿನ ಕಮಾನು ಬಿಚ್ಚಿಯಾಗಿತ್ತು. ಕುರ್ಚಿಗಳನ್ನು ಟೆಂಪೋಕ್ಕೆ ಏರಿಸುತ್ತಿದ್ದರು. ವೀರೇಂದ್ರ ಅವನ ಎದೆ ನೋಡಿ ಹೌಹಾರಿದ.

"ನೀವು ದವಾಖಾನ್ಯಾಗ ಇರಬೇಕಲ್ರಿ!"

"ಯಾಕರಿ?"

"ಗೂಡುಸಾಬ ಪೇಶೆಂಟ್ ಕರಕೊಂಡು ಹೊಂಟೇನಿ ಅಂದ. ಅಂವ ನಿಮ್ಮ ಹಿಂದ ಇದ್ದ. ಅದಕ್ಕ ನಾವು ನೀವ ಬಿದ್ದೀರಿ ಅಂತ ತಿಳಕೊಂಡ್ವಿ. ಮಧು ಓಟ ಮುಗಿಸಿಲ್ಲ ಅಂತ ಬರದ್ವಿ. ಉಳಿದ ಪದಕಾನೂ ವಾಪಸ್ ಕಳಿಸಿದ್ವಿ. ಮನಿಗೆ ಫೋನೂ ಮಾಡಿದ್ವಿ."

"ಯಾವ ನಂಬರಿಗೆ?"

"ಫಾರ್ಮಿನಾಗ ಇದ್ದ ನಂಬರಿಗೆ. ನಿಮ್ಮ ತಾಯಿ ಎತ್ತಿದ್ರು. ನಿಮ್ಮ ಮಗ ಮಧು ದವಾಖಾನ್ಯಾಗ ಅದಾನ, ಆರಾಮ ಅದಾನ, ಗಾಬರಿ ಆಗಬ್ಯಾಡ್ರಿ ಅಂತ ಹೇಳೇವಿ. ಹೊಂಟೇನಿ ಅಂದ್ರು."

ಮಧುವಿನ ಫೋನು ಅವ್ವನ ಹತ್ತಿರವೇ ಇತ್ತು. ಅವಳು ದಿನಾ ಅದನ್ನು ಚಾರ್ಜಿಗೆ ಹಾಕುತ್ತಿದ್ದಳು.

ಚನ್ನೇಶ ಮತ್ತೆ ಓಡಿದ. ಈ ಸಲ ಕಂಬ ಎಣಿಸಲಿಲ್ಲ.

ದವಾಖಾನೆಯ ಪಡಸಾಲೆಯ ಬೆಂಚಿನ ಮೇಲೆ ಗದಿಗೆವ್ವ ಕೂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ತೊಡೆಯ ಮೇಲೆ ಗಂಜಿಯ ಡಬ್ಬಿ. ಮಗನ ಎದೆಯ ಮೇಲಿದ್ದ ಹೆಸರನ್ನು ಅವಳು ಬಹಳ ಹೊತ್ತು ನೋಡಿದಳು. ಅವಳಿಗೆ ಅಕ್ಷರ ಬರುತ್ತಿದ್ದುದು ಅಷ್ಟಕ್ಕಷ್ಟೇ. ಬೆರಳಿಟ್ಟು ಎರಡೂ ಅಕ್ಷರ ಓದಿದಳು.

ಚನ್ನೇಶ ಅವಳ ಕಾಲ ಬಳಿ ಕುಸಿದು ಕೂತ. "ತಪ್ಪಾತಬೇ ಅವ್ವಾ. ಅವರಿಗೆ ಗೊತ್ತಿರಲಿಲ್ಲ. ಅಂವ ಇಲ್ಲ ಅಂತ ನಿನಗ ಗೊತ್ತೈತಲ್ಲ, ಯಾಕ ಬಂದಿ?"

"ಗೊತ್ತಿತ್ತೋ ಯಪ್ಪಾ," ಎಂದಳು ಗದಿಗೆವ್ವ. "ಆದ್ರ ಅವರು ಆರಾಮ ಅದಾನ ಅಂದ್ರು."