ಕಳೆದುಹೋದ ಬಾಳೆಗಾಡಿಯನ್ನು ಬಾಯಿಮಾತಿನಲ್ಲಿ ಓಡಿಸುವ ಕುರಿತು

ಯಾಂತ್ರಿಕ ವಿನೋದ ಇಲಾಖೆ
ವಿಭಾಗೀಯ ಕಚೇರಿ, ಕಲಬುರಗಿ

ಸಂಖ್ಯೆ: ಯಾಂವಿಇ/ಕಲ/ಆಟ/ರದ್ದು/೯೩-೯೪
ದಿನಾಂಕ: ೭-೩-೧೯೯೪

ಸುತ್ತೋಲೆ

ವಿಷಯ: ರದ್ದಾದ ಹಾಗೂ ತದನಂತರ ಕಾಣೆಯಾದ ‘ಬಾಳೆಗಾಡಿ’ ವಿಡಿಯೋ ಗೇಮನ್ನು ಕಮಲಾಪುರದ ಸಂತೆಯಲ್ಲಿ ಯಂತ್ರವಿಲ್ಲದೆ ಆಡುತ್ತಿರುವ ಬಗ್ಗೆ.

ಉಲ್ಲೇಖ: (೧) ಕೇಂದ್ರ ಕಚೇರಿಯ ರದ್ದತಿ ಆದೇಶ. (೨) ಸದರಿ ಆದೇಶ ತಲುಪಿಲ್ಲವೆಂದು ಈ ಕಚೇರಿ ಬರೆದ ಪತ್ರ. (೩) ತಲುಪಿದೆ ಎಂದು ಬರೆದ ಪತ್ರ.

೧. ಕೇಂದ್ರ ಕಚೇರಿಯ ಕಂಪ್ಯೂಟರಿನಲ್ಲಿದ್ದ ಕಾರು ಓಟದ ಆಟವನ್ನು, ಟಿ.ವಿ.ಗೆ ಜೋಡಿಸಿ ಆಡಬೇಕಾದ ಇಲಾಖೆಯ ಸ್ವಂತ ತಯಾರಿಕೆ ‘ಆನಂದಯಂತ್ರ’ಕ್ಕೆ ಹೊಂದಿಸುವ ಕೆಲಸವನ್ನು ಈ ಕಚೇರಿಯ ಕಂಪ್ಯೂಟರ್ ನಿರ್ವಾಹಕ, ಕಮಲಾಪುರದ ಶ್ರೀ ಅಂಬಣ್ಣ ಇವರಿಗೆ ವಹಿಸಲಾಗಿತ್ತು. ಆನಂದಯಂತ್ರಕ್ಕೆ ಕಾರಿನ ವೇಗ ತಡೆಯಲಾಗಲಿಲ್ಲ. ಅಂಬಣ್ಣ ಕಾರನ್ನು ತೆಗೆದು ಎತ್ತಿನ ಗಾಡಿ ಹೂಡಿದರು. ಗಾಡಿ ಖಾಲಿ ಹೋಗುವುದು ಸರಿಯಲ್ಲವೆಂದು ತಮ್ಮೂರಿನ ಕೆಂಪು ಬಾಳೆಗೊನೆ ಹೇರಿದರು. ಗೊನೆ ಬೀಳದಂತೆ ಗಾಡಿಯನ್ನು ಕಲಬುರಗಿ ಮುಟ್ಟಿಸುವುದೇ ಆಟ. ಇದಕ್ಕೆ ಪೂರ್ವಾನುಮತಿ ಪಡೆದಿರಲಿಲ್ಲ. ಆದರೆ ಚೆನ್ನಾಗಿತ್ತು ಎಂದು ನೋಡಿದವರೆಲ್ಲ ಮೌಖಿಕವಾಗಿ ವರದಿ ಮಾಡಿರುತ್ತಾರೆ.

೨. ಆನಂದಯಂತ್ರವು ಕಲಬುರಗಿಯ ಬಿಸಿಲಿಗೆ ಮಧ್ಯಾಹ್ನ ತಾನಾಗಿ ಮಲಗುತ್ತಿದ್ದು, ಹಸಿ ಗೋಣಿಚೀಲ ಹೊದಿಸಿದಲ್ಲಿ ಶಾಶ್ವತವಾಗಿ ಮಲಗುವುದು ಕಂಡುಬಂದಿರುತ್ತದೆ. ಆದಕಾರಣ ಯಂತ್ರವನ್ನೂ ಅದಕ್ಕಾಗಿ ಮಾಡಿದ ಆಟಗಳನ್ನೂ ರದ್ದುಪಡಿಸಲಾಯಿತು. ಅಂಬಣ್ಣ ಕೈಮುಗಿದು ಕೇಳಿಕೊಂಡ ಮೇರೆಗೆ, ಎದ್ದಿದ್ದ ಒಂದೇ ಯಂತ್ರದಲ್ಲಿ ಖಂಡೇನವಮಿಯ ದಿನ ಅವರ ತಾಯಿಗೆ ಒಮ್ಮೆ ಆಟ ತೋರಿಸಲು ಅವಕಾಶ ನೀಡಲಾಯಿತು.

೩. ಅದೇ ಬೆಳಿಗ್ಗೆ ಕಚೇರಿಯಲ್ಲಿ ಆಯುಧಪೂಜೆ. ಟೈಪ್‌ರೈಟರು, ಮೊಹರು, ಬೀರುವಿನ ಬೀಗಗಳಿಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆ, ಆಟವಿದ್ದ ಏಕೈಕ ಫ್ಲಾಪಿಗೂ, ಅದರ ತೆರೆದ ಭಾಗ ನೋಡಿ, ಧಾರಾಳವಾಗಿ ಹಚ್ಚಲಾಯಿತು. ಹಚ್ಚಿದವರ ಹೆಸರನ್ನು ಕಡತದಲ್ಲಿ ನಮೂದಿಸಿಲ್ಲ. ಕೆಳಗೆ ಸಹಿ ಮಾಡಿದವರಿಗೆ ಗೊತ್ತಿದೆ. ಕಮಲಾಪುರದ ಸಂತೆಯಲ್ಲಿ ಬಾಳೆಹಣ್ಣು ಮಾರುವ ತಾಯಿ ಶ್ರೀಮತಿ ಮಾನಮ್ಮ ಹೊಸ ಸೀರೆಯುಟ್ಟು, ಸಿಬ್ಬಂದಿಗೆಲ್ಲ ಹಣ್ಣು ಹೊತ್ತು ಬಸ್ಸಿನಲ್ಲಿ ಬಂದರು. ಪರದೆಯ ಮೇಲೆ ಏನೂ ಮೂಡಲಿಲ್ಲ. ಅವರು ಸಂಜೆಯವರೆಗೆ ಖಾಲಿ ಪರದೆಯನ್ನೇ ನೋಡುತ್ತ ಕುಳಿತು, ಎದ್ದು ಹೋದರು. ಸಿಬ್ಬಂದಿ ಹಣ್ಣು ತಿಂದರು. ದುರಸ್ತಿಗೆ ಕಳುಹಿಸಿದ ಫ್ಲಾಪಿ ಹಾದಿಯಲ್ಲಿ ಕಾಣೆಯಾಯಿತು.

೪. ಕಾಣೆಯಾದ ಸರ್ಕಾರಿ ವಸ್ತುವಿಗೆ ಹೊಣೆಗಾರರೊಬ್ಬರು ಬೇಕು. ಅವರನ್ನು ಹುಡುಕುವುದು ಕಚೇರಿಯ ಶಾಂತಿಗೆ ಹಿತವಲ್ಲ. ಆದಕಾರಣ, ಅಂತಹ ಆಟವೇ ಇರಲಿಲ್ಲವೆಂದು ಅಂಬಣ್ಣ ಬರೆದುಕೊಡತಕ್ಕದ್ದೆಂದೂ, ತಪ್ಪಿದಲ್ಲಿ ಅವರ ತಾತ್ಕಾಲಿಕ ನೌಕರಿ ಮುಂದುವರಿಯದೆಂದೂ ಸೂಚಿಸಲಾಯಿತು. ಅವರು ಪೆನ್ನು ತೆಗೆದುಕೊಂಡರು. ಬಹಳ ಹೊತ್ತು ಹಿಡಿದುಕೊಂಡಿದ್ದು ವಾಪಸು ಕೊಟ್ಟರು. ತಾನು ಮಾಡಿದ್ದನ್ನು ಮಾಡಿಲ್ಲವೆಂದು ತಾನೇ ಬರೆಯಲು ಮನಸ್ಸು ಒಪ್ಪುವುದಿಲ್ಲ ಎಂದರು.

೫. ಈ ಮಧ್ಯೆ ಸದರಿ ಆಟವನ್ನು ಸಂತೆಯಲ್ಲಿ ಆಡಲಾಗುತ್ತಿದೆ ಎಂಬ ದೂರು ಬಂದಿರುತ್ತದೆ. ಪರದೆಯ ಮೇಲೆ ಏನು ಕಾಣಬೇಕಿತ್ತೆಂದು ತಾಯಿ ಕೇಳಿದ್ದರಿಂದ ಅಂಬಣ್ಣ ಬಾಯಲ್ಲೇ ಹೇಳತೊಡಗಿದರಂತೆ. ಅವರು ಮುಂದೆ ತಗ್ಗು ಬಂತೆನ್ನುವುದು, ತಾಯಿ ಕಣ್ಣು ಮುಚ್ಚಿ ‘ಎಡಕ್ಕ’ ಎಂದೋ ‘ಬಲಕ್ಕ’ ಎಂದೋ ಕೂಗಿ ಗಾಡಿ ತಿರುಗಿಸುವುದು, ತಡವಾದರೆ ಒಂದು ಚಿಪ್ಪು ಬಾಳೆ ಬಿದ್ದಂತೆ. ಈಗ ಬಳೆ ಮಾರುವ ಫರೀದಾ, ಹಮಾಲಿ ದೌಲಪ್ಪ ಮೊದಲಾದವರು ಸರದಿ ನಿಲ್ಲುತ್ತಿದ್ದಾರೆ.

೬. ಆದ್ದರಿಂದ ಸಾರ್ವಜನಿಕರಿಗೆ ಸೂಚಿಸಿರುವುದೇನೆಂದರೆ:

(ಅ) ಯಂತ್ರವಿಲ್ಲದೆ ಆಡುವವರು ಯಂತ್ರವನ್ನು ಕೆಡಿಸಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು.

(ಆ) ಬಸ್ ನಿಲ್ದಾಣದ ಬಳಿ ‘ಎಡಕ್ಕ’ ಎಂದು ಕೂಗತಕ್ಕದ್ದಲ್ಲ. ತಾಜಸುಲ್ತಾನಪುರದ ಚಾಲಕರೊಬ್ಬರು ಈಗಾಗಲೇ ಒಮ್ಮೆ ಬಸ್ಸನ್ನು ತಿರುಗಿಸಿರುತ್ತಾರೆ.

(ಇ) ಆಟದಲ್ಲಿ ಅಡ್ಡ ಬಂದ ಎಮ್ಮೆಯ ಸಲುವಾಗಿ, ಊರಿನಲ್ಲಿ ಎಮ್ಮೆ ಸಾಕಿದವರನ್ನು ಬೈಯತಕ್ಕದ್ದಲ್ಲ.

(ಈ) ಬಿದ್ದ ಕಾಲ್ಪನಿಕ ಹಣ್ಣನ್ನು ಆರಿಸಿಕೊಳ್ಳುವ ಹಕ್ಕು ಇಲಾಖೆಗೆ ಮಾತ್ರ ಸೇರಿರುತ್ತದೆ.

೭. ಮೇಲಿನ ನಿಯಮಗಳನ್ನು ಜಾರಿಗೊಳಿಸಲು ಉಪನಿರ್ದೇಶಕರು ಖುದ್ದಾಗಿ ಸಂತೆಗೆ ತೆರಳಿದರು. ಶ್ರೀಮತಿ ಮಾನಮ್ಮ ಇವರ ಹೇಳಿಕೆಯನ್ನು ಇದ್ದಂತೆ ದಾಖಲಿಸಲಾಗಿದೆ: “ಆಟ ಇರಲೇ ಇಲ್ಲ ಅಂತ ಬರಸಾಕತ್ತೀರಿ, ಮತ್ತ ಆಡಬ್ಯಾಡ್ರೀ ಅಂತೀರಿ. ನನ್ನ ಮಗ ಏನ್ ಮಾಡ್ಯಾನ ಅಂತ ನೀವೂ ಒಮ್ಮಿ ಕುಂತು ನೋಡ್ರಿ.” ತನಿಖೆಯ ಹಿತದೃಷ್ಟಿಯಿಂದ ಉಪನಿರ್ದೇಶಕರು ಬಾಳೆ ಬುಟ್ಟಿಗಳ ನಡುವೆ ಕುಳಿತು ಕಣ್ಣು ಮುಚ್ಚಿದರು. ಅಂಬಣ್ಣ ಹೇಳುತ್ತ ಹೋದರು. ತಗ್ಗು ತಪ್ಪಿತು, ಎಮ್ಮೆ ತಪ್ಪಿತು. ಹಳ್ಳದ ತಿರುವಿನಲ್ಲಿ ಉಪನಿರ್ದೇಶಕರು ಬಲಕ್ಕೆ ಎಂದರು; ಎಡಕ್ಕೆ ಎನ್ನಬೇಕಿತ್ತು. ಗಾಡಿ ಸಂಪೂರ್ಣ ಪಲ್ಟಿಯಾಯಿತು. ಇಡೀ ಸಂತೆ ಅಯ್ಯೋ ಎಂದಿತು. ಉಪನಿರ್ದೇಶಕರಿಗೆ ನಿಜಕ್ಕೂ ಬಹಳ ಬೇಸರವಾಯಿತು.

೮. ಪರಿಶೀಲಿಸಲಾಗಿ, ಇಲ್ಲದ ಆಟದಲ್ಲಿ ಸೋಲಲು ಸೇವಾ ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಉಪನಿರ್ದೇಶಕರು ಸೋತಿರುವುದಕ್ಕೆ ಇಡೀ ಸಂತೆಯೇ ಸಾಕ್ಷಿ. ಆದ್ದರಿಂದ ಆಟ ಇದೆಯೆಂದು ಒಪ್ಪಿ, ಅಂಬಣ್ಣ ಇವರಿಂದ ಕೇಳಿದ್ದ ಬರಹವನ್ನು ಕೈಬಿಟ್ಟು, ಅವರ ನೌಕರಿಯನ್ನು ಮುಂದುವರಿಸಿ ಆದೇಶಿಸಲಾಗಿದೆ. ಆಟದ ತಯಾರಕರ ಹೆಸರನ್ನು ಸ್ಪಷ್ಟವಾಗಿ ಹೇಳುವಂತೆ ಕೇಳಲಾಗಿ, ಅವರು ತಾಯಿಯ ಮುಂದೆ ತಮ್ಮ ಹೆಸರು ಹೇಳಿ ಅತ್ತರು. ಇದಕ್ಕೆ ಈ ಕಚೇರಿಯಲ್ಲಿ ಪೂರ್ವನಿದರ್ಶನವಿಲ್ಲದ್ದರಿಂದ ಯಾವುದೇ ಕ್ರಮ ಕೈಗೊಂಡಿಲ್ಲ.

ಸಹಿ/-
(ವಾಸುದೇವ ಗೋ. ಮಳಖೇಡಕರ)
ಉಪನಿರ್ದೇಶಕರು

ಪ್ರತಿಗಳು:
೧. ಕೇಂದ್ರ ಕಚೇರಿಗೆ, ತಲುಪಿಲ್ಲವೆಂದು ಬರೆಯುವ ಸಲುವಾಗಿ.
೨. ತಾಜಸುಲ್ತಾನಪುರದ ಬಸ್ ಚಾಲಕರಿಗೆ, ನೇರ ಹೋಗಲು.
೩. ಶ್ರೀ ಅಂಬಣ್ಣ ಇವರಿಗೆ, ತಾಯಿಗೆ ಓದಿ ಹೇಳಲು.
೪. ಶ್ರೀಮತಿ ಮಾನಮ್ಮ ಇವರಿಗೆ: ಉಪನಿರ್ದೇಶಕರು ಬರುವ ಸಂತೆಗೆ ರಜೆ ಹಾಕಿ ಬರುವವರಿದ್ದು, ಅಲ್ಲಿಯವರೆಗೆ ಅವರ ಸರದಿಯನ್ನು ದೌಲಪ್ಪನಿಗೆ ಕೊಡಬಾರದೆಂದು ವಿನಂತಿ.