ನಾನು ನಡೆಸಿದ ಕಂಪ್ಯೂಟರ್ ಸಂಧಾನ

"ಹತ್ತೇ ನಿಮಿಷ! ನಿನ್ನ ಕಂಪ್ಯೂಟರು ನನ್ನ ಕಂಪ್ಯೂಟರಿನ ಜೊತೆ ಮಾತಾಡದಿದ್ರೆ ನಾನು ಕೀಬೋರ್ಡ್ ಮುಟ್ಟೋದೇ ಬಿಡ್ತೀನಿ!" ಎಂದು ನಾನು ಘೋಷಿಸಿದಾಗ ಮಧ್ಯಾಹ್ನ ಎರಡು ಗಂಟೆ.

ನನ್ನ ಹೆಂಡತಿ ಮನೆಗಳ ನಕ್ಷೆ ತಯಾರಿಸುವವಳು. ಅವಳ ಕಂಪ್ಯೂಟರ್ ನಡೆಯುವುದು ಲಿನಕ್ಸ್‌ನಲ್ಲಿ, ನನ್ನದು ವಿಂಡೋಸ್‌ನಲ್ಲಿ. ಪ್ರಿಂಟರ್ ಜೋಡಿಸಿರುವುದು ನನ್ನ ಕಂಪ್ಯೂಟರಿಗೆ. ನಾಲ್ಕು ಗಂಟೆಗೆ ಮೇಸ್ತ್ರಿ ನಕ್ಷೆ ಒಯ್ಯಲು ಬರುವವನಿದ್ದ. ಅದು ಅವನ ಕೈ ಸೇರದಿದ್ದರೆ ಮರುದಿನ ಪಾಯದ ಕೆಲಸವೇ ನಿಲ್ಲುತ್ತಿತ್ತು.

"ಪೆನ್‌ಡ್ರೈವಲ್ಲಿ ಹಾಕಿ ಕೊಡ್ತೀನಿ, ಪ್ರಿಂಟ್ ತೆಗೀರಿ. ಅಷ್ಟು ಸಾಕು" ಎಂದಳು.

ಪೆನ್‌ಡ್ರೈವ್! ಆಫೀಸಿನಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಆಫ್ ಮಾಡಿ ಆನ್ ಮಾಡಿಕೊಡುವ ಮಹಾವೈದ್ಯ ನಾನು. ನನ್ನಂಥವನ ಮನೆಯಲ್ಲಿ ನಕ್ಷೆ ಜೇಬಿನಲ್ಲಿ ಕೂತು ಪ್ರಯಾಣ ಮಾಡುವುದೇ?

ಅವಳದರಿಂದ ನನ್ನದಕ್ಕೆ 'ಪಿಂಗ್' ಕಳಿಸಿದೆ. ಅಂದರೆ, 'ಇದ್ದೀಯೇನಪ್ಪಾ?' ಎಂದು ಕೂಗಿದ ಹಾಗೆ. ಉತ್ತರವಿಲ್ಲ. ನನ್ನದರಿಂದ ಅವಳದಕ್ಕೆ ಕೂಗಿದೆ. ಅಲ್ಲೂ ಮೌನ. ಮದುವೆಯಾದ ಹೊಸದರಲ್ಲಿ ಜಗಳವಾಡಿದಾಗ ನಾವಿಬ್ಬರೂ ಇಷ್ಟು ಬಿಗುಮಾನ ತೋರಿಸಿರಲಿಲ್ಲ!

"ಫೈರ್‌ವಾಲ್ ಅನ್ನೋ ಕಾವಲು ಗೋಡೆ ಅಡ್ಡ ನಿಂತಿದೆ. ಕೆಡವ್ತೀನಿ!"

"ಗೋಡೆ ಕೆಡವೋ ಮುಂಚೆ ಅದು ಏನು ಭಾರ ಹೊತ್ತಿದೆ ಅಂತ ನೋಡ್ಬೇಕು ರೀ."

"ಇದು ನಿನ್ನ ಇಟ್ಟಿಗೆ ಗೋಡೆ ಅಲ್ಲ ಕಣೇ!"

ಕೆಡವಿದೆ. ಏನೂ ಆಗಲಿಲ್ಲ. ಪಾಸ್‌ವರ್ಡ್ ಬದಲಿಸಿದೆ. ಬದಲಿಸಿದ್ದನ್ನು ಮರೆತೆ. ಸ್ವಂತ ಕಂಪ್ಯೂಟರಿನ ಹೊಸ್ತಿಲಲ್ಲೇ ಅರ್ಧ ಗಂಟೆ ಕದ ತಟ್ಟುತ್ತಾ ನಿಂತೆ! ಒಳಗೆ ಹೋಗುವಷ್ಟರಲ್ಲಿ ಗಂಟೆ ಮೂರೂವರೆ.

"ಈಗಲಾದ್ರೂ ಪೆನ್‌ಡ್ರೈವ್..."

"ಯುದ್ಧ ನಡೀವಾಗ ಮಾತಾಡಿಸ್ಬೇಡ!"

ಆಗ ಕಣ್ಣಿಗೆ ಬಿತ್ತು. ಎರಡೂ ಕಂಪ್ಯೂಟರುಗಳು ಬೇರೆ ಬೇರೆ ವೈಫೈನಲ್ಲಿದ್ದವು. ಒಂದೇ ಸೂರಿನಡಿ ಎರಡು ಸಂಸಾರ! ನನ್ನದು ಎಲ್ಲಿ ಸೇರಿಕೊಂಡಿತ್ತೋ ಅಲ್ಲಿಗೇ ಅವಳದನ್ನೂ ಎಳೆದು ಸೇರಿಸಿದೆ. ವೈಫೈ ಹೆಸರು ಓದುವ ವ್ಯವಧಾನ ಯಾರಿಗಿತ್ತು?

ಆಹಾ! ಅವಳ ಪರದೆಯ ಮೇಲೆ ಪ್ರಿಂಟರ್ ಪ್ರತ್ಯಕ್ಷ! ಎದೆಯುಬ್ಬಿಸಿ ಪ್ರಿಂಟ್ ಒತ್ತಿದೆ. 'ಮುಗಿಯಿತು' ಎಂದಿತು ಪರದೆ. ಪಕ್ಕದಲ್ಲಿದ್ದ ಪ್ರಿಂಟರ್ ಮಿಸುಕಲಿಲ್ಲ. ಮತ್ತೆ ಒತ್ತಿದೆ. ಕಾಗದ ತುಂಬಿ ಒತ್ತಿದೆ. ಪ್ರಿಂಟರಿನ ತಲೆಗೊಂದು ಮೊಟಕಿ ಒತ್ತಿದೆ. ಒಟ್ಟು ಹನ್ನೊಂದು ಸಲ!

ಬಾಗಿಲು ಬಡಿದ ಸದ್ದು. ಮೇಸ್ತ್ರಿ ಬಂದೇಬಿಟ್ಟ ಎಂದುಕೊಂಡು ಓಡಿದೆ. ತೆರೆದರೆ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು, ಕೈಯಲ್ಲೊಂದು ಕಟ್ಟು ಕಾಗದ.

"ಯಾರ ಮನೆ ನಕ್ಷೆ ಇದು? ನನ್ನ ಪ್ರಿಂಟರಿಂದ ಒಂದರ ಹಿಂದೆ ಒಂದು ಬರ್ತಾನೇ ಇದೆ! ಹನ್ನೊಂದಾಯ್ತು, ಒಂದು ಬಡಾವಣೆನೇ ಕಟ್ಬಹುದು!" ಎಂದವರು ನನ್ನ ಮುಖ ನೋಡಿದರು. "ಹೋದ ತಿಂಗಳು ನಿಮ್ಮ ನೆಟ್ ಕೆಟ್ಟಾಗ ನನ್ನ ವೈಫೈ ಕೊಟ್ಟಿದ್ನಲ್ಲ, ಇನ್ನೂ ಅದರಲ್ಲೇ ಇದ್ದೀರಾ?"

ಈಗ ಹೋಗಿ ವೈಫೈ ಹೆಸರು ಓದಿದೆ. ಅವರದೇ! ಹೆಂಡತಿ ಒಂದು ಹಾಳೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ನಮ್ಮ ಪ್ರಿಂಟರಿಗಿಂತ ಚೆನ್ನಾಗಿ ಬಂದಿದೆ ಸಾರ್! ನಾಳೆ ಇನ್ನೊಂದು ನಕ್ಷೆ ಇದೆ, ನೇರವಾಗಿ ನಿಮಗೇ ಕಳಿಸ್ಲಾ? ಇವರು ಮೆಟ್ಟಿಲಿಳಿದು ಬಂದು ತರ್ತಾರೆ. ಅಷ್ಟು ನೆಟ್‌ವರ್ಕಿಂಗ್ ಇವರಿಗೆ ಬರುತ್ತೆ!"